ತಲೆಯ ಮೇಲಿನ ನಾಲ್ಕು ಬೆರಳು

ಬೆಸುಗೆ ಮಾವನ ಎಡಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ಯಾವುದೋ ಹಳೆಯ ಕಿಡಿ ತಿಂದಿತ್ತು. ಮುಂಗೈ ತುಂಬ ಒಗ್ಗರಣೆಯ ಸಾಸಿವೆ ಸಿಡಿದಂಥ ಬಿಳಿ ಚುಕ್ಕೆಗಳು. ಲಂಡನ್ನಿನ ಟೂಟಿಂಗ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆ ಅವರದು. ಅಪ್ಪನ ಹಾಗೆ ಅವರೂ ಕುಂದಾಪುರದ ಕಡೆಯವರಾದ್ದರಿಂದ ನನಗೆ ಮಾವನಾದರು. ಅಪ್ಪ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಮಾವ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಸ್ಪ್ರಿಂಟ್ ಕಾರು ಕಟ್ಟುತ್ತಿದ್ದರು.

ಸ್ಪ್ರಿಂಟ್ ಕಾರು ಕಾಣದವರಿಗೆ ಹೇಳಬೇಕು: ಅದಕ್ಕೆ ಬಾಗಿಲಿಲ್ಲ, ಗಾಜಿಲ್ಲ. ಉದ್ದ ಮೂತಿ, ಮೈಯಿಂದ ಆಚೆ ನಿಂತ ನಾಲ್ಕು ದಪ್ಪ ಚಕ್ರ, ಡ್ರೈವರ್ ಕೂರುವ ಜಾಗದ ಸುತ್ತ ಪೈಪುಗಳ ಪಂಜರ. ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಅಡ್ಡಡ್ಡ ಜಾರುತ್ತ ಸುತ್ತುತ್ತದೆ. ಒಮ್ಮೊಮ್ಮೆ ಮಗುಚುತ್ತದೆ. ಆಗ ತಲೆ ಕಾಯುವುದು ಆ ಪಂಜರ ಒಂದೇ.

ತೊಂಬತ್ತರ ದಶಕದ ಕೊನೆಗೆ ಎಲ್ಲರೂ ಪಂಜರ ಎತ್ತರಿಸತೊಡಗಿದ್ದರು. ಮಾವ ಮಾತ್ರ ಹಳೆಯ ತಗ್ಗು ಸಾಲು ಬಿಡಲಿಲ್ಲ. "ಕಂಬಳದ ಕೋಣ ತಲೆ ತಗ್ಗ್ಸಿ ಓಡುಕ್" ಎನ್ನುವರು. "ತಲೆ ಎತ್ತಿದ್ರೆ ಅದ್ ಒಂಟೆ." ಹೆಲ್ಮೆಟ್ಟಿಗೂ ಮೇಲಿನ ಪೈಪಿಗೂ ನಡುವೆ ನಾಲ್ಕು ಬೆರಳು ಹಿಡಿಸಿದರೆ ಸಾಕು ಎಂಬುದು ಅವರ ಲೆಕ್ಕ. ಟೇಪು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಅಳತೆ ಬೆರಳಲ್ಲೇ ಆಗುತ್ತಿತ್ತು.

ಆ ಕಾರು ಓಡಿಸುತ್ತಿದ್ದವಳು ಅವರ ಒಬ್ಬಳೇ ಮಗಳು. ತಾಯಿಯಿಲ್ಲದೆ ಬೆಳೆದವಳು. ಮಾವ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು.

ನಾನು ಹಗಲು ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಕೂತು, ಸಂಜೆ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದೆ. ಮೂರು ವರ್ಷದ ಓದು ನನಗೆ ಆರು ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ, ಹಾಗಾಗಿ ಕೇಳುವುದಕ್ಕೂ ಯಾರೂ ಇರಲಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಾವನ ಪಂಜರ ಅಳೆಯುತ್ತೇನೆಂದಾಗ ಅವರು ನಕ್ಕರು. "ಅಳತೆ ಮಾಡ್, ಇಂಜಿನಿಯರಮ್ಮ. ಪೇಪರ್ ಮೇಲೆ ಕಾರ್ ಓಡ್ಸ್."

ಎರಡು ವಾರ ಅಳೆದು, ಲೆಕ್ಕ ಹಾಕಿ, ಹೆದರುತ್ತಲೇ ಹೇಳಿದೆ: "ಮಾವ, ನಾಲ್ಕು ಬೆರಳು ಸಾಲುದಿಲ್ಲ."

"ನನ್ನ ಬೆಸುಗೆ ಬಿಟ್ಟದ್ ಕಂಡಿದ್ಯಾ?"

"ಬೆಸುಗೆ ಬಿಡುದಿಲ್ಲ. ಬೆಲ್ಟ್ ಹಿಗ್ಗತ್ತ್. ನೀವು ಅಳೆಯೂದು ಕೂತವರನ್ನ. ಮಗುಚಿದಾಗ ಮನುಷ್ಯ ನೇತಾಡ್ತಾನೆ."

ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಹಂಗಾರೆ ತಿರುಗ್ಸಿ ಕಾಂಬ" ಎಂದು ಮಗಳ ಹೆಲ್ಮೆಟ್ ಹಾಕಿಕೊಂಡು ತಾವೇ ಕಾರಿನೊಳಗೆ ಕೂತರು. ಬೆಲ್ಟು ಉಸಿರುಗಟ್ಟುವಷ್ಟು ಬಿಗಿದೆವು. ಇಂಜಿನ್ ಇಳಿಸಿಟ್ಟಿದ್ದರಿಂದ ಅದು ಬರೀ ಚೌಕಟ್ಟು. ತೊಲೆಗೆ ಕಟ್ಟಿದ್ದ ಚೈನ್ ಪುಲ್ಲಿಯಿಂದ ನಾನೂ ಮಗಳೂ ಅದನ್ನೆತ್ತಿ ನಿಧಾನ ಮಗುಚಿದೆವು. ಮಾವನ ಜೇಬಿನಿಂದ ಎಲೆಯಡಿಕೆ ಡಬ್ಬಿ ಬಿದ್ದು ಅಡಿಕೆ ಚೂರು ನೆಲದ ತುಂಬ ಹರಡಿತು.

"ವೆಲ್, ಡ್ಯಾಡ್?" ಎಂದಳು ಮಗಳು, ಇನ್ನೂ ನಗುತ್ತ.

ನಾನು ನೆಲದ ಮೇಲೆ ಮಲಗಿ, ಕೆಳಗಿನಿಂದ ಒಂದು ಹಲಗೆಯನ್ನು ಪಂಜರದ ಪೈಪುಗಳಿಗೆ ಆನಿಸಲು ಹೋದೆ. ಹಲಗೆ ಪೈಪಿಗೆ ತಾಗಲಿಲ್ಲ; ನೇತಾಡುವ ತಲೆ ಪೈಪುಗಳ ನಡುವಿನಿಂದ ಹೊರಗೆ ಇಳಿದಿತ್ತು. ಮೊದಲು ಹೆಲ್ಮೆಟ್ಟಿಗೆ ತಾಗಿತು, ಹಲಗೆಯ ಮೇಲೆ ಅದರ ಬಿಳಿ ಬಣ್ಣದ ಒಂದು ಗೀರು ಬಿತ್ತು. ಆ ಹಲಗೆಯೇ ನೆಲವಾಗಿದ್ದರೆ, ಕಾರಿನ ಭಾರವೆಲ್ಲ ಬೀಳುತ್ತಿದ್ದದ್ದು ತಲೆಯ ಮೇಲೆ.

ಮಾವ ತಲೆಕೆಳಗಾಗಿಯೇ ಮಗಳನ್ನು ನೋಡಿದರು. ಅವಳು ಆ ಕಾರನ್ನು ಎರಡು ವರ್ಷ ಓಡಿಸಿದ್ದಳು.

"ಇಳ್ಸ್ ಮಾರಾಯ್ತಿ" ಎಂದರು ನನಗೆ. "ಕಂಡ್ತ್."

ಆ ದಿನ ಊಟಕ್ಕೂ ಹೋಗದೆ ಪಂಜರದ ಮೇಲ್ಭಾಗ ಕೊಯ್ದು ಹಾಕಿದರು. ಎತ್ತರದ ಹೊಸ ಚೌಕಟ್ಟು ಕೂರಿಸಿದಾಗ ಮಗಳೇ ಮುಖ ಸಿಂಡರಿಸಿದಳು: "ಡ್ಯಾಡ್, ಇಟ್ ಲುಕ್ಸ್ ಲೈಕ್ ಅ ಬರ್ಡ್‌ಕೇಜ್." ಅವರಿಗೂ ಹಾಗೆಯೇ ಅನ್ನಿಸಿತ್ತೆಂದು ಕಾಣುತ್ತದೆ. ಒಂದು ವಾರ ಕಾರಿನ ಎದುರು ಸ್ಟೂಲು ಹಾಕಿ ಸುಮ್ಮನೆ ಕೂತರು. ನಾನು ಲೆಕ್ಕದ ಹಾಳೆ ಹಿಡಿದು ಹೋದರೆ, "ನಿನ್ ಲೆಕ್ಕ ಸಮ ಇತ್ತ್. ಚಂದಕ್ಕೆ ಲೆಕ್ಕ ಇಲ್ಲ ಅಲ್ದಾ?" ಎಂದರು.

ಆಮೇಲೆ ಅವರು ಮಾಡಿದ್ದು ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ಹಳೆಯ ಎತ್ತರದಲ್ಲಿ ಎಡಬಲದ ಎರಡು ಪೈಪುಗಳನ್ನು ತಲೆಗೆ ತಾಗದಷ್ಟು ದೂರದಲ್ಲಿ ಮತ್ತೆ ಕೂರಿಸಿ ಕಡುಗೆಂಪು ಬಳಿದರು. ಅದರ ಮೇಲೆದ್ದ ಹೊಸ ಚೌಕಟ್ಟಿಗೆ ಹೊಳಪಿಲ್ಲದ ಕಪ್ಪು. ಟ್ರ್ಯಾಕಿನ ಬೇಲಿಯ ಬಳಿ ನಿಂತವರ ಕಣ್ಣು ಕೆಂಪು ಸಾಲನ್ನೇ ಹಿಡಿಯುತ್ತಿತ್ತು. ತಲೆ ತಗ್ಗಿಸಿದ ಕೋಣ ಹಾಗೆಯೇ ಇತ್ತು.

ಮುಂದಿನ ಬೇಸಿಗೆಯ ಒಂದು ರೇಸಿನಲ್ಲಿ ಇನ್ನೊಂದು ಕಾರಿನ ಚಕ್ರ ಮಗಳ ಕಾರಿನ ಚಕ್ರದ ಮೇಲೆ ಹತ್ತಿತು. ಕಾರು ಮೂರು ಸುತ್ತು ಉರುಳಿ ಕವುಚಿ ಬಿತ್ತು. ಬೇಲಿಯ ಬಳಿ ಮಾವ ನನ್ನ ಮಣಿಕಟ್ಟು ಹಿಡಿದಿದ್ದರು. ಬಿಟ್ಟಾಗ ಬೆರಳಿನ ಗುರುತು ಮೂಡಿತ್ತು. ಅವಳು ತೆವಳಿ ಹೊರಬಂದು ಮೊದಲು ಹೇಳಿದ್ದು, "ಸಾರಿ ಅಬೌಟ್ ದ ಪೇಂಟ್, ಡ್ಯಾಡ್." ಕಪ್ಪು ಬಣ್ಣವೆಲ್ಲ ಹೋಗಿ ಪೈಪು ಬೆಳ್ಳಗೆ ಹೊಳೆಯುತ್ತಿತ್ತು. ಹೆಲ್ಮೆಟ್ಟಿಗೆ ಮಣ್ಣು ಕೂಡ ತಾಗಿರಲಿಲ್ಲ.

ಮರುದಿನದಿಂದ ಮಾವ ತಾವು ಕಟ್ಟಿಕೊಟ್ಟಿದ್ದ ಹಳೆಯ ಕಾರುಗಳ ಯಜಮಾನರಿಗೆಲ್ಲ ಫೋನು ಮಾಡತೊಡಗಿದರು. "ನಾನ್ ತಪ್ಪು ಮಾಡಿದ್ದೆ, ಕಾರ್ ತಕಂಡ್ ಬನ್ನಿ" ಎಂದು ಒಡಕು ಇಂಗ್ಲಿಷಿನಲ್ಲಿ ಒಬ್ಬೊಬ್ಬರಿಗೂ ಹೇಳಿದರು. ಮೂವತ್ತು ವರ್ಷ ಹೆಸರು ಮಾಡಿದವರಿಗೆ ಆ ಮಾತು ಸುಲಭವಲ್ಲ.

ನನ್ನ ಪದವಿ ಪ್ರದಾನಕ್ಕೆ ಅಪ್ಪನ ಪಕ್ಕ ಅವರೂ ಕೂತಿದ್ದರು, ಕಿಡಿ ತೂತು ಮಾಡಿದ ಕೋಟಿನಲ್ಲಿ. ಹೆಸರು ಕರೆದಾಗ ಅಪ್ಪ ಅತ್ತ. ಮಾವ ಪಕ್ಕದ ಅಪರಿಚಿತ ಹೆಂಗಸಿಗೆ, "ಮೈ ಇಂಜಿನಿಯರ್" ಎಂದರಂತೆ. ಆ ದಿನದ ನಂತರ 'ಇಂಜಿನಿಯರಮ್ಮ' ಎನ್ನುವುದರಲ್ಲಿ ಗೇಲಿ ಇರಲಿಲ್ಲ.

ಎರಡು ಸಾವಿರದ ಏಳರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಗ್ಯಾರೇಜು ಖಾಲಿ ಮಾಡುವಾಗ ಮಗಳು ಗೀರು ಬಿದ್ದಿದ್ದ ಆ ಹಲಗೆಯನ್ನು ನನ್ನ ಕೈಗಿಟ್ಟು, "ಯೂ ಶುಡ್ ಹ್ಯಾವ್ ಇಟ್" ಎಂದಳು. ಕೊನೆಯವರೆಗೂ ಪ್ರತಿ ಕಾರಿನಲ್ಲೂ ಮಾವ ತಾವೇ ಕೂತು ಮಗುಚಿಸಿಕೊಂಡು ಅದನ್ನು ಹಿಡಿಸಿ ನೋಡುತ್ತಿದ್ದರಂತೆ, ಡಾಕ್ಟರು ಬೇಡವೆಂದ ಮೇಲೂ. ಕಾರು ಪಾಸಾದಾಗಲೆಲ್ಲ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು.

ಸರ್ಟಿಫಿಕೇಟು ಅಪ್ಪನ ಮನೆಯಲ್ಲಿದೆ. ಹಲಗೆ ನನ್ನ ಆಫೀಸಿನ ಗೋಡೆಯಲ್ಲಿದೆ. ಪೆನ್ಸಿಲ್ ಗೆರೆಗಳನ್ನು ಎಣಿಸಿಲ್ಲ, ಬಹಳ ಇವೆ. ಹೆಲ್ಮೆಟ್ಟಿನ ಬಿಳಿ ಗೀರು ಮಾತ್ರ ಒಂದೇ.