ಬಸಮ್ಮ ಮುಟ್ಟಿರಲಿಲ್ಲ

ಕಕ್ಕೇರಾ ಗುಡ್ಡದ ಮೇಲಿದ್ದ ಯಂತ್ರವನ್ನು ಬೀಳಿಸಿದವನು ನಾನು. ಬಸಮ್ಮ ಅಲ್ಲ. ಇಷ್ಟು ಹೇಳಲು ನನಗೆ ಹತ್ತೊಂಬತ್ತು ವರ್ಷ ಬೇಕಾಯಿತು.

ಕಾಲುವೆ ನೀರು ಬಂದು ಸುತ್ತಲಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದ ಕಾಲ. ನಾನು ಭೂಮಿಯ ಚಲನೆ ಅಳೆಯುವ ತಂಡವೊಂದರಲ್ಲಿ ಸಹಾಯಕನಾಗಿದ್ದೆ. ಗುಡ್ಡದ ಬಂಡೆಯಲ್ಲಿ ಉಕ್ಕಿನ ಮೊಳೆಯೊಂದನ್ನು ಕೂರಿಸಿದ್ದೆವು. ಪ್ರತಿವರ್ಷ ಅದರ ನೆತ್ತಿಗೆ ಸರಿಯಾಗಿ, ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಆಂಟೆನಾ ಇಟ್ಟು ಮೂರು ದಿನ ಉಪಗ್ರಹಗಳ ಸಂಕೇತ ಹಿಡಿಯುತ್ತಿದ್ದೆವು. ನಾವು ನಿಂತಿರುವ ಈ ನೆಲ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತದೆ — ಅದನ್ನು ಹಿಡಿಯಬೇಕಾದರೆ ಆಂಟೆನಾ ಕೂದಲೆಳೆಯಷ್ಟೂ ಅಲುಗಬಾರದು.

ಕಾವಲಿಗೆ ಬಸಮ್ಮ. ಉಳಿದ ದಿನ ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳು. ಬಂದವರನ್ನೆಲ್ಲ, "ನೆಲ ನಡ್ಯಾಕತ್ತದ, ದೂರ ನಿಂದರ್ರಿ" ಎಂದು ಗದರುತ್ತಿದ್ದಳು. ತನ್ನ ಆಡುಗಳನ್ನೂ ಹತ್ತಿರ ಬಿಡುತ್ತಿರಲಿಲ್ಲ.

ನಾಲ್ಕನೆಯ ವರ್ಷ, ಎರಡನೆಯ ದಿನದ ಮಧ್ಯಾಹ್ನ. ಅವಳು ನೀರು ತರಲು ಕೆಳಗಿಳಿದಿದ್ದಳು. ನಾನು ಫೋನಿನಲ್ಲಿ ಮಾತಾಡುತ್ತ ಹಿಂದಕ್ಕೆ ಸರಿದೆ. ಹಿಮ್ಮಡಿ ಸ್ಟ್ಯಾಂಡಿಗೆ ತಾಗಿ ಅದು ಉರುಳಿತು. ಎತ್ತಿ ನಿಲ್ಲಿಸಿದೆ — ಕಣ್ಣಂದಾಜಿನಲ್ಲಿ. ಮತ್ತೆ ಅಳೆಯಬೇಕಿತ್ತು, ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು. ಕೆಲಸ ಹೋದೀತೆಂದು — ಇಲ್ಲ, ಅದನ್ನು ಕಾರಣವೆಂದು ಬರೆಯುವುದಿಲ್ಲ.

ತಿಂಗಳ ನಂತರ ಅಂಕಿಗಳಲ್ಲಿ ನೆಲ ಒಮ್ಮೆಲೇ ಜಿಗಿದಂತೆ ಕಂಡಿತು. ತಂಡದ ಮುಖ್ಯಸ್ಥರು ಗುಡ್ಡಕ್ಕೇ ಬಂದು, ನೆರೆದ ಊರವರ ಎದುರಿಗೆ ವಿಚಾರಿಸಿದರು.

"ನಾನು ಊಟಕ್ಕೆ ಹೋಗಿದ್ದೆ ಸರ್. ಇವರ ಆಡು ನುಗ್ಗಿರಬೇಕು" ಎಂದೆ.

ಬಸಮ್ಮ ನನ್ನನ್ನೇ ನೋಡಿದಳು. "ನಾ ಮುಟ್ಟಿಲ್ರಿ. ಆಡೂ ಬಂದಿಲ್ರಿ."

ಯಾರೂ ನಂಬಲಿಲ್ಲ. ಆ ಜಾಗದ ಅಂಕಿಗಳನ್ನು ನಂಬುವಂತಿಲ್ಲವೆಂದು ಆ ಮೊಳೆಯ ಬಳಿಗೆ ತಂಡ ಮತ್ತೆ ಹೋಗಲಿಲ್ಲ. ನಾಟಿಗೆ ಹೋದಲ್ಲೆಲ್ಲ ಅವಳನ್ನು 'ನೆಲ ಜಿಗಿಸಿದಾಕಿ' ಎಂದು ಕರೆದು ನಗುತ್ತಿದ್ದರಂತೆ. ಅದನ್ನು ಕೇಳಿದ್ದೆ. ಕೇಳಿಯೂ —

ಹೋದ ತಿಂಗಳು ಕಕ್ಕೇರಾಕ್ಕೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಇದು ನನಗ ಅವತ್ತ ಗೊತ್ತಿತ್ರಿ. ನನಗ್ಯಾಕ ಹೇಳಾಕತ್ತೀರಿ? ಅವತ್ತ ನಿಮ್ಮ ಮಾತ ಕೇಳಿದೋರಿಗೆ ಹೇಳ್ರಿ."

ಮುಖ್ಯಸ್ಥರು ಈಗ ನಿವೃತ್ತರು. ಅವರಿಗೆ ಕಾಗದ ಬರೆದಿದ್ದೇನೆ, ಉತ್ತರ ಬಂದಿಲ್ಲ. ಅಂದು ಗುಡ್ಡದ ಮೇಲಿದ್ದ ಊರವರಲ್ಲಿ ಬದುಕಿರುವವರ ಹೆಸರುಗಳನ್ನು ಬಸಮ್ಮನೇ ಹೇಳಿದಳು — ಒಂಬತ್ತು ಮಂದಿ. ನಾಲ್ಕು ಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಒಬ್ಬರು ಬಾಗಿಲು ಹಾಕಿಕೊಂಡರು. ಇನ್ನೂ ಐದು ಮನೆಗಳಿವೆ.