ಕೆಮಿಸ್ಟ್ರಿ ಮೇಡಂ ಮತ್ತು ನನ್ನ ಸುಳ್ಳು ಸಹಿ

ಕಳೆದ ವಾರ ಜೆ.ಪಿ. ನಗರದ ನಮ್ಮ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆದ ಘಾಟು ನನ್ನನ್ನು ನೇರ ಜಯನಗರದ ಕಾಲೇಜಿಗೆ ಎಳೆದೊಯ್ದಿತು. ಅಲ್ಲಿ ನಮ್ಮ ಕೆಮಿಸ್ಟ್ರಿ ಮೇಡಂ...

ನಾನು ಬೊಮ್ಮನಹಳ್ಳಿಯಿಂದ ಬರುತ್ತಿದ್ದ ಕನ್ನಡ ಮಾಧ್ಯಮದ ಹುಡುಗಿ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ನನ್ನನ್ನು ಮೇಡಂ ಸಂಜೆ ಉಳಿಸಿಕೊಂಡು ಕನ್ನಡದಲ್ಲೇ ಪಾಠ ಹೇಳುತ್ತಿದ್ದರು. ಒಮ್ಮೆ ಪ್ರಯೋಗ ಮಾಡುವಾಗ ನನ್ನ ಅಳತೆ ತಪ್ಪಿರಬೇಕೆಂದು ಪಕ್ಕದವಳ ಸಂಖ್ಯೆ ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿ, "ಬಂದಿದ್ದನ್ನ ಬರಿ, ಬರಬೇಕಿತ್ತು ಅನ್ನೋದನ್ನಲ್ಲ," ಎಂದರು. ಈ ಕೆಲಸದ ಹುಚ್ಚು ಹತ್ತಿದ್ದು ಅಂದೇ.

ಕೊನೆಯ ವರ್ಷ ಬಿರುಕುಬಿಟ್ಟ ಫ್ಲಾಸ್ಕ್ ಒಡೆದು ಆಸಿಡ್ ಬಿದ್ದು ಗೆಳತಿಯೊಬ್ಬಳ ಕೈ ಸುಟ್ಟಿತು. ಹಳೆಯ ಗಾಜಿನ ಸಾಮಾನು ಬದಲಿಸಿ ಎಂದು ಮೇಡಂ ಮೂರು ಸಲ ಬರೆದುಕೊಟ್ಟಿದ್ದರು. ಕಾಲೇಜಿನ ಕಾರ್ಯದರ್ಶಿ ಆ ಪತ್ರಗಳನ್ನು ಮುಚ್ಚಿಟ್ಟ. ಮೇಡಂ ಆಗ ಲ್ಯಾಬಿನಲ್ಲೇ ಇರಲಿಲ್ಲವೆಂಬ ಹೇಳಿಕೆಯನ್ನು ನಮ್ಮ ಮುಂದಿಟ್ಟು, "ಸೈನ್ ಹಾಕಿ. ಇಲ್ಲಾಂದ್ರೆ ಹಾಲ್ ಟಿಕೆಟ್ ಸಿಗಲ್ಲ," ಎಂದ. ಸುಟ್ಟ ಕೈಗೆ ನೀರು ಸುರಿದದ್ದೇ ಮೇಡಂ. ಕಣ್ಣಾರೆ ಕಂಡಿದ್ದ ನಾನೂ ಸಹಿ ಹಾಕಿದೆ.

ಅವರ ಕೆಲಸ ಹೋಯಿತು. ಯಡಿಯೂರಿನ ಮನೆಯಲ್ಲಿ ಕೆಲವು ವರ್ಷ ಟ್ಯೂಷನ್ ಹೇಳಿದರಂತೆ... ನಾನು ಮುಖ ತೋರಿಸಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ತಡವಾಗಿ ತಿಳಿಯಿತು.

ಕಳೆದ ವಾರ ನನ್ನ ಮೇಜಿಗೆ ಬಂದದ್ದು ಅದೇ ಕಾರ್ಯದರ್ಶಿಯ ನೀರು. ಅರೆಕೆರೆಯಲ್ಲಿ ಅವನದೊಂದು ಕುಡಿಯುವ ನೀರಿನ ಘಟಕವಿದೆ. ನಾನು ಫೇಲ್ ಎಂದರೆ ಅದಕ್ಕೆ ಬೀಗ. ಇಂಥದೊಂದು ದಿನಕ್ಕಾಗಿ ಎಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ದೋಷ ಸಿಗಲಿ ಎಂದು ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ನೀರು ಚೆನ್ನಾಗಿತ್ತು. ಪೆನ್ನು ಹಿಡಿದು ತುಂಬ ಹೊತ್ತು ಕೂತೆ. ಕೊನೆಗೆ ಬಂದಿದ್ದನ್ನೇ ಬರೆದೆ.

ವರದಿ ಒಯ್ಯಲು ಅವನೇ ಬಂದ. ಕಾಗದ ಕೈಯಲ್ಲೇ ಇಟ್ಟುಕೊಂಡು ಕೇಳಿದೆ: "ಸಾರ್, ನಿಮ್ ಕಾಲೇಜಲ್ಲಿ ಕೆಮಿಸ್ಟ್ರಿ ಮೇಡಂ ಒಬ್ರನ್ನ ತೆಗೆದುಹಾಕಿದ್ರಲ್ಲ, ನೆನಪಿದ್ಯಾ?"

ಯೋಚಿಸಿದ. "ಯಾವ ಮೇಡಮ್ಮ? ಎಷ್ಟೋ ಜನ ಬಂದ್ರು, ಹೋದ್ರು."

ನಟನೆಯಲ್ಲ, ನಿಜಕ್ಕೂ ಮರೆತಿದ್ದ. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅಂದೇ ಸಂಜೆ ಪತ್ರ ಬರೆದೆ. ನಮ್ಮ ಹೇಳಿಕೆ ಸುಳ್ಳು, ಬರೆಸಿದವನು ಇವನು ಎಂದು ಅವನ ಹೆಸರು ಹಾಕಿ, ಕೆಳಗೆ ನನ್ನ ಸಹಿ ಹಾಕಿದೆ. ಕಾಲೇಜಿಗೆ ಒಂದು, ವಿಶ್ವವಿದ್ಯಾಲಯಕ್ಕೆ ಒಂದು, ಅವನ ಮನೆಗೇ ಒಂದು. ಅಂದು ಸಹಿ ಹಾಕಿದ ಉಳಿದ ಗೆಳತಿಯರನ್ನೂ ಒಬ್ಬೊಬ್ಬರಾಗಿ ಹುಡುಕುತ್ತಿದ್ದೇನೆ. ಅವನಿಗೆ ನೆನಪಾಗುವವರೆಗೆ ಬಿಡುವುದಿಲ್ಲ.

ಯಡಿಯೂರಿನ ಆ ಮನೆಗೂ ಒಂದು ಪ್ರತಿ ಹಿಡಿದು ಹೋಗಿದ್ದೆ. ಬಾಗಿಲು ತೆಗೆದವರು ಬೇರೆ ಯಾರೋ. ಮೇಡಂ ಅಲ್ಲಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ.