ಹಳೇ ಗಾಡಿಗೆ ದಪ್ಪ ಎಣ್ಣೆ

ನಮ್ಮ ವ್ಯಾನು ನೀಲಿ ಹೊಗೆ ಬಿಡಲು ಶುರುಮಾಡಿದ ದಿನದಿಂದ ನಾನು ಕಾಲು ಸುಟ್ಟ ಬೆಕ್ಕಾಗಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ದಿಲ್ಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನ ಮೆಟ್ಟಿಲಿಳಿಯುವುದು, ಗಾಡಿ ಶುರು ಮಾಡುವುದು, ಹಿಂದಕ್ಕೆ ಓಡಿ ಹೊಗೆ ನೋಡುವುದು, ಬಂದು ಆಫ್ ಮಾಡುವುದು, ಸಮಾಧಾನವಾಗದೆ ಮತ್ತೆ ಶುರು ಮಾಡುವುದು. ಕ್ವಾರ್ಟರ್ಸು ನನ್ನ ಹೆಂಡತಿಯ ಸರಕಾರಿ ಕೆಲಸದ ಪುಣ್ಯದ್ದು. ನೆರೆಹೊರೆಯವರೆಲ್ಲ ಅವಳ ಗಂಡನಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದರು. ಅಂದುಕೊಳ್ಳಲಿ, ನನಗೇನು!

ಆ ವ್ಯಾನು ನಿಂತರೆ ನನ್ನ ಅಕ್ಕ ಕೆಲಸಕ್ಕೆ ಹೋಗುವುದು ನಿಂತ ಹಾಗೆ. ಅಪಘಾತವೊಂದರಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವಳು ಗಾಲಿಕುರ್ಚಿ ಹಿಡಿದವಳು. ಮಾನೇಸರಿನ ಕಾರ್ಖಾನೆಯೊಂದರಲ್ಲಿ ಎಂಜಿನ್ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಅವಳದು. ನನ್ನ ಐಟಿ ಆಫೀಸು ಅದೇ ದಾರಿಯಲ್ಲಿ ಮೊದಲೇ ಸಿಗುವ ಗುರುಗ್ರಾಮದಲ್ಲಿ. ಅವಳನ್ನು ಬಿಟ್ಟು ಹಿಂದಿರುಗಿ ನನ್ನ ಕುರ್ಚಿಯಲ್ಲಿ ಕೂರುತ್ತೇನೆ. ವ್ಯಾನಿನ ಹಿಂದಿನ ಸೀಟು ಕಿತ್ತುಹಾಕಿಸಿ, ಹಿಂಬಾಗಿಲಿಗೆ ಉದ್ದನೆಯ ಹಲಗೆ ಮಾಡಿಸಿದ್ದೇವೆ. ಅಕ್ಕ ತಾನೇ ಚಕ್ರ ತಳ್ಳಿಕೊಂಡು ಒಳಗೆ ಹೋಗುತ್ತಾಳೆ. ಯಾರಾದರೂ ಎತ್ತಿ ಕೂರಿಸುತ್ತೇನೆ ಎಂದರೆ ಮುಗಿಯಿತು ಕತೆ.

"ಹೊರೋದು ಒಂದೋ ದೇವರನ್ನ, ಇಲ್ಲಾ ಹೆಣವನ್ನ. ನಾನು ಎರಡೂ ಅಲ್ಲ" ಎನ್ನುತ್ತಾಳೆ.

ಎಂಜಿನ್ನಿನ ಮಾತು ಬಂದರೆ ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಮೊದಲೇ ಹೇಳಿದ್ದಳು. "ಡಬ್ಬಿ ಮೇಲೆ ಡಬ್ಲ್ಯೂ ಅಕ್ಷರಕ್ಕೆ ಮೊದಲು ಒಂದು ಅಂಕಿ ಇರುತ್ತೆ ನೋಡು. ಅದು ಚಳಿಗೆ ಸಂಬಂಧಪಟ್ಟಿದ್ದು. ಅದು ಚಿಕ್ಕದಿರೋ ಎಣ್ಣೆ ತಗೋ. ಗಾಡಿ ಹಳೇದು ಅಂತ ಬೇಕಿದ್ರೆ ಎರಡನೇ ಅಂಕಿ ಸ್ವಲ್ಪ ದೊಡ್ಡದಿರಲಿ, ಅಷ್ಟೇ."

"ಹೊಗೆ ಹೋಗುತ್ತಾ?"

"ಪೂರ್ತಿ ಹೋಗಲ್ಲ. ವಯಸ್ಸಾದ ಎಂಜಿನ್ನು ಕಣೋ, ಸ್ವಲ್ಪ ಎಣ್ಣೆ ಕುಡಿಯುತ್ತೆ."

ನನಗೆ ಬೇಕಾಗಿದ್ದು ಹೊಗೆ ಪೂರ್ತಿ ಹೋಗುವುದು. ಚಳಿಗಾಲದಲ್ಲಿ ದಿಲ್ಲಿಯ ಗಾಳಿ ಕೆಟ್ಟಿತೆಂದರೆ ಪೊಲೀಸರ ಕಣ್ಣೆಲ್ಲ ಇಂಥ ಗಾಡಿಗಳ ಮೇಲೆಯೇ. ಹೊಗೆ ತಪಾಸಣೆಯಲ್ಲಿ ಫೇಲಾದರೆ? ದಾರಿಯಲ್ಲಿ ತಡೆದು ಅಕ್ಕನನ್ನು ಇಳಿಸು ಎಂದರೆ? ಯೋಚಿಸಿ ಯೋಚಿಸಿ ನಿದ್ದೆ ಹಾಳು. ಸರೋಜಿನಿ ನಗರದ ಹಿಂದಿನ ಗಲ್ಲಿಯ ಮೆಕ್ಯಾನಿಕ್ ಎರಡೇ ಮಾತಿನಲ್ಲಿ ಪರಿಹಾರ ಕೊಟ್ಟ: "ಗಾಢಾ ವಾಲಾ ಡಾಲೋ ಸಾಬ್, ಧುವಾ ಬಂದ್." ಗಟ್ಟಿ ಎಣ್ಣೆ ಹಾಕಿ, ಹೊಗೆ ನಿಲ್ಲುತ್ತದೆ ಅಂತ. ಚಿತ್ರದುರ್ಗದಲ್ಲಿ ಮೆಟಡೋರ್ ಓಡಿಸುತ್ತಿದ್ದ ನಮ್ಮಪ್ಪ ಹೇಳುತ್ತಿದ್ದದ್ದೂ ಅದೇ, ಹಳೇ ಗಾಡಿಗೆ ದಪ್ಪ ಎಣ್ಣೆ. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು!

ಅಪ್ಪ ಎಣ್ಣೆ ಬದಲಿಸುತ್ತಿದ್ದದ್ದು ಆಯುಧಪೂಜೆಗೆ. ಗಾಡಿ ತೊಳೆದು, ಹೊಸ ಎಣ್ಣೆ ಹೊಯ್ದು, ಆಮೇಲೆ ಕುಂಕುಮ. ದಿಲ್ಲಿಗೆ ಬಂದ ಮೇಲೂ ನಾನು ಅದನ್ನೇ ನಡೆಸಿಕೊಂಡು ಬಂದವನು. ಆ ಸಲವೂ ಹಾಗೇ ಮಾಡಿದೆ. ಅಂಗಡಿಯಲ್ಲಿದ್ದ ಅತಿ ದಪ್ಪನೆಯ ಎಣ್ಣೆ ಹಾಕಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದೆ. "ಅರೇ ಸಾಬ್, ಇದರಲ್ಲಿ ಪೇಠಾ ಮಿಠಾಯಿ ಮಾಡ್ತಾರೆ, ನೀವು ರಸ್ತೆಗೆ ಹಾಕಿದ್ರಲ್ಲ!" ಎಂದು ಕಾವಲುಗಾರ ಹಿಂದಿಯಲ್ಲಿ ಗೋಳಾಡಿದ.

ಹೊಗೆ ನಿಂತಿತು. ತಪಾಸಣೆಯಲ್ಲಿ ಪಾಸಾಯಿತು. ದೀಪಾವಳಿ ಕಳೆದರೂ ನನ್ನನ್ನು ಹಿಡಿಯುವವರಿರಲಿಲ್ಲ. "ನೋಡ್ದಾ, ಅಪ್ಪ ಹೇಳಿದ್ದು?" ಎಂದು ಅಕ್ಕನನ್ನು ಕೆಣಕಿದೆ.

"ನಮ್ಮಪ್ಪನ ಊರಲ್ಲಿ ಜನವರಿ ಚಳಿಗೆ ಒಂದು ಶಾಲು ಸಾಕು" ಎಂದಳು ಅವಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿ ಬಂತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ. ಆ ದಿನ ಅಕ್ಕನ ಕಾರ್ಖಾನೆಗೆ ದೊಡ್ಡ ಗಿರಾಕಿಯ ಕಡೆಯಿಂದ ತಪಾಸಣೆಗೆ ಬರುವವರಿದ್ದರು. ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವಳು ಅವಳೇ. "ಬೇರೆಯವರು ಲೇಟಾದ್ರೆ ಮಂಜು ಅಂತಾರೆ. ನಾನು ಲೇಟಾದ್ರೆ ಕಾಲು ಅಂತಾರೆ" ಎಂದು ಹಿಂದಿನ ದಿನವೇ ಎಚ್ಚರಿಸಿದ್ದಳು. ಅವಳು ಹಲಗೆ ಹತ್ತಿ ಒಳಗೆ ಕೂತಳು. ನಾನು ಕೀಲಿ ತಿರುಗಿಸಿದೆ.

ಎಂಜಿನ್ನು ಊಂ ಎಂದು ನರಳಿ ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ನರಳಿತು. ಚಳಿಗೆ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಅದನ್ನು ಕಲಕಿ ಕಲಕಿ ಬ್ಯಾಟರಿಯೂ ಕೈಚೆಲ್ಲಿತು. ಥೂ! ನಾನು ಬಾನೆಟ್ಟಿಗೆ ಗುದ್ದಿದೆ, ಅಪ್ಪನನ್ನು ಬೈದೆ, ಮೆಕ್ಯಾನಿಕ್ಕನ ಏಳು ತಲೆಮಾರನ್ನು ಬೈದೆ. ಅಕ್ಕ ಒಳಗಿನಿಂದಲೇ ಹೇಳಿದಳು, "ಸಾಕು ಮಾರಾಯ. ಕ್ಯಾಬ್ ಕರಿ."

ಕ್ಯಾಬ್ ಬಂತು. ಅದರ ಡಿಕ್ಕಿಯ ತುಂಬ ಸಿಎನ್‌ಜಿ ಸಿಲಿಂಡರು. ಗಾಲಿಕುರ್ಚಿಯನ್ನು ಮಡಚಿ ಮುಂದಿನ ಸೀಟಿನಲ್ಲಿಡಬೇಕು, ಅಕ್ಕನನ್ನು ಎತ್ತಿ ಹಿಂದೆ ಕೂರಿಸಬೇಕು. ನಾನು ಕ್ಯಾಬಿನ ಹಿಂದಿನ ಬಾಗಿಲು ತೆರೆದೆ. ಕೇಳುವ ಧೈರ್ಯ ಬರಲಿಲ್ಲ.

ಅಕ್ಕ ಕಣ್ಣು ಮುಚ್ಚಿಕೊಂಡಳು. "ಎತ್ತು. ಇವತ್ತೊಂದು ದಿನ ದೇವರು ಅಂತ ತಿಳ್ಕೋ. ಬೀಳಿಸ್ಬೇಡ, ಊರಿಗೇ ಕೇಡು."

ಬಗ್ಗಿ ಎತ್ತಿದೆ. ಅವಳು ಅಷ್ಟು ಹಗುರವಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ ಅಕ್ಕ ಅವಳು.

ಮಾನೇಸರಿನಲ್ಲಿ ಮತ್ತೆ ಎತ್ತಿ ಇಳಿಸಬೇಕಾಯಿತು. ಪಾಳಿ ಬದಲಾಗುವ ಹೊತ್ತು, ಗೇಟಿನ ತುಂಬ ಜನ. ಅಲ್ಲಿ ಅವಳು ತಮಾಷೆ ಮಾಡಲಿಲ್ಲ, ಯಾರನ್ನೂ ನೋಡಲಿಲ್ಲ. ಕುರ್ಚಿಯಲ್ಲಿ ಕೂತು, ದುಪಟ್ಟಾ ಸರಿಮಾಡಿಕೊಂಡು, ಚಕ್ರ ತಳ್ಳಿಕೊಂಡು ಒಳಗೆ ಹೋದಳು. ಹೊತ್ತಿಗೆ ಸರಿಯಾಗಿಯೇ ಹೋದಳು.

ನಾನು ರಜೆ ಹಾಕಿ ಮನೆಗೆ ಬಂದೆ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ, ಪಕ್ಕದವರ ಕಾರಿನ ಬ್ಯಾಟರಿಯಿಂದ ತಂತಿ ಎಳೆದಾಗ, ಏನೂ ಆಗಿಲ್ಲವೆಂಬಂತೆ ಶುರುವಾಯಿತು ಆ ಮಾನಗೆಟ್ಟ ಗಾಡಿ. ಸೀದಾ ಸರೋಜಿನಿ ನಗರಕ್ಕೆ ಹೊಡೆದೆ. "ಮೈನೇ ತೋ ಗರ್ಮೀ ಕಾ ಬೋಲಾ ಥಾ ಸಾಬ್" ಎಂದ ಮೆಕ್ಯಾನಿಕ್, ತಾನು ಹೇಳಿದ್ದು ಬೇಸಿಗೆಗೆ ಅಂತೆ! ಜಗಳಕ್ಕೆ ಹೊತ್ತಿರಲಿಲ್ಲ. ಅಕ್ಕ ಹೇಳಿದ್ದ ಅಂಕಿಯ ಎಣ್ಣೆಯನ್ನೇ ಹಾಕಿಸಿ, ಬ್ಯಾಟರಿ ಬದಲಿಸಿ, ಸಂಜೆ ಕಾರ್ಖಾನೆಯ ಗೇಟಿನೆದುರು ವ್ಯಾನು ನಿಲ್ಲಿಸಿ ಹಲಗೆ ಇಳಿಸಿದೆ.

ಅಕ್ಕ ಬಂದಳು. ಬೆಳಿಗ್ಗೆ ನಾನು ಎತ್ತಿ ಇಳಿಸಿದ್ದನ್ನು ನೋಡಿದ್ದ ಕಾರ್ಖಾನೆಯ ಕಾವಲುಗಾರ ಎತ್ತಲು ಓಡಿಬಂದ. "ರೆಹ್ನೇ ದೋ ಭಯ್ಯಾ" ಎಂದಳು, ಬೇಡ ಬಿಡಣ್ಣ ಅಂತ. ಎಲ್ಲರೂ ನೋಡುತ್ತಿದ್ದಂತೆ, ಚಕ್ರ ಬಿಗಿಹಿಡಿದು, ಹಲಗೆಯ ಮೇಲೆ ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಹತ್ತಿದಳು.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ನು ಎದ್ದಿತು.

"ಲೋ, ಹೊಗೆ ಬರ್ತಿದೆ ನೋಡು" ಎಂದಳು ಅಕ್ಕ.

"ಬರ್ಲಿ ಬಿಡು" ಎಂದೆ. ಇಳಿದು ನೋಡಲಿಲ್ಲ.